ಮುಳುಗಿದ ಹಡಗಿನ ನೆರಳು ಹುಡುಕುವವರು

ಮೊಬೈಲಿನಲ್ಲಿ ಉಪಗ್ರಹ ನಕ್ಷೆ ತೆರೆದರೆ ನಮ್ಮ ತಾರಸಿಯ ಮೇಲಿನ ನೀರಿನ ಟ್ಯಾಂಕ್ ಕೂಡ ಕಾಣುತ್ತದೆ. ಹೀಗಿದ್ದೂ ‘ಸಿಡ್ನಿ’ ಎಂಬ 171 ಮೀಟರ್ ಉದ್ದದ ಯುದ್ಧನೌಕೆಯೊಂದು ಆಸ್ಟ್ರೇಲಿಯಾದ ಕರಾವಳಿಯಾಚೆ 66 ವರ್ಷ ಯಾರ ಕಣ್ಣಿಗೂ ಬೀಳದೆ ಕುಳಿತಿತ್ತು. ಇಷ್ಟೊಂದು ಉಪಗ್ರಹಗಳು ಸುತ್ತುತ್ತಿದ್ದವಲ್ಲ, ಅವು ಏನು ಮಾಡುತ್ತಿದ್ದವು ಎಂದು ಕೇಳುವವರಿಗೆ ಉತ್ತರ ಚಿಕ್ಕದು. ಅವು ಕಡಲಿನ ಮೇಲ್ಮೈಯನ್ನು ನೋಡುತ್ತಿದ್ದವು. ಅದರ ಕೆಳಗೆ ಇಣುಕುವ ಶಕ್ತಿ ಅವಕ್ಕೆ ಹೆಚ್ಚೇನೂ ಇಲ್ಲ.

ಉಪ್ಪುನೀರು ವಿದ್ಯುತ್ತನ್ನು ಹರಿಯಗೊಡುತ್ತದೆ. ಆದ್ದರಿಂದ ರೇಡಾರ್ ಅಲೆಗಳು ಅದರೊಳಗೆ ಒಂದೆರಡು ಸೆಂಟಿಮೀಟರ್ ಇಳಿಯುವಷ್ಟರಲ್ಲಿ ಸತ್ತುಹೋಗುತ್ತವೆ. ಬೆಳಕು ಸ್ವಲ್ಪ ವಾಸಿ. ವಿಮಾನದಿಂದ ಹಸಿರು ಲೇಸರ್ ಬಿಟ್ಟು, ನೀರಿನ ಮೇಲ್ಮೈಯಿಂದಲೂ ತಳದಿಂದಲೂ ಅದು ಮರಳಿ ಬರುವ ಸಮಯದ ವ್ಯತ್ಯಾಸವನ್ನು ಹಿಡಿದು ಆಳ ಲೆಕ್ಕ ಹಾಕುವ ಲಿಡಾರ್ ತಂತ್ರ ತಿಳಿನೀರಿನಲ್ಲಿ ಐವತ್ತು ಮೀಟರಿನವರೆಗೂ ನಡೆಯುತ್ತದೆ. ಲಕ್ಷದ್ವೀಪದಂತಹ ಹವಳದ ದ್ವೀಪಗಳ ಸುತ್ತ ಅದಕ್ಕೆ ಕೆಲಸವಿದೆ. ಮಳೆಗಾಲದಲ್ಲಿ ನೇತ್ರಾವತಿ, ಶರಾವತಿಗಳು ಕೆಂಪು ನೀರು ತಂದು ಸುರಿಯುವ ನಮ್ಮ ಕರಾವಳಿಯಲ್ಲಿ ಅದು ಒಂದೆರಡು ಮೀಟರಿಗೇ ಕೈಚೆಲ್ಲುತ್ತದೆ.

ಉಪಗ್ರಹದಿಂದಲೇ ಇಡೀ ಸಮುದ್ರತಳದ ನಕ್ಷೆ ಮಾಡಿದ್ದಾರಲ್ಲ ಎಂದು ಕೆಲವರು ಕೇಳಬಹುದು. ಮಾಡಿರುವುದು ನಿಜ. ತಳದಲ್ಲಿ ಪರ್ವತವಿದ್ದರೆ ಅದರ ಗುರುತ್ವಾಕರ್ಷಣೆ ನೀರನ್ನು ತನ್ನತ್ತ ಸೆಳೆಯುವುದರಿಂದ ಅಲ್ಲಿ ಮೇಲ್ಮೈ ತುಸು ಉಬ್ಬಿರುತ್ತದೆ. ಆ ಉಬ್ಬುತಗ್ಗುಗಳನ್ನು ಅಳೆದು ಕೆಳಗಿನ ಆಕಾರವನ್ನು ಊಹಿಸಿದ ನಕ್ಷೆ ಅದು. ಅದರಲ್ಲಿ ಮೂಡುವುದು ಹಲವು ಕಿಲೋಮೀಟರ್ ಅಗಲದ ಬೆಟ್ಟಗಳು ಮಾತ್ರ. ಹಡಗು ಬಿಡಿ, ಒಂದು ಊರಿಗೆ ಊರೇ ಅದರಲ್ಲಿ ಅಡಗಿಹೋಗುತ್ತದೆ. ಶಬ್ದದ ಮೂಲಕ ನೇರವಾಗಿ ಅಳೆದಿರುವುದು ಜಗತ್ತಿನ ಸಮುದ್ರತಳದ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಆದರೂ ಉಪಗ್ರಹವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಬೆಲ್ಜಿಯಂನ ಜೀಬ್ರುಗ ಬಂದರಿನ ಎದುರಿನ ಕಡಲು ಕೆಸರಿನ ಕಡಲು. ಅಲ್ಲಿ ಹದಿನೈದು ಮೀಟರಿನೊಳಗಿನ ಆಳದಲ್ಲಿ ಮುಳುಗಿರುವ ನಾಲ್ಕು ಹಡಗುಗಳನ್ನು ಆಯ್ದುಕೊಂಡು ಸಂಶೋಧಕರ ತಂಡವೊಂದು ಲ್ಯಾಂಡ್‌ಸ್ಯಾಟ್-8 ಉಪಗ್ರಹದ 21 ಚಿತ್ರಗಳನ್ನು ಪರಿಶೀಲಿಸಿತು. ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಲ್ಯಾಂಡ್‌ಸ್ಯಾಟ್ ಚಿತ್ರದ ಒಂದೊಂದು ಚುಕ್ಕೆಯೂ ನೆಲದ ಮೇಲಿನ ಮೂವತ್ತು ಮೀಟರಿಗೆ ಸಮ. ಆ ಕೆಸರುನೀರಿನಲ್ಲಿ ಹಡಗು ಕಾಣುವ ಮಾತೇ ಇಲ್ಲ. ಕಂಡದ್ದು ಹಡಗಿನಿಂದ ಹೊರಟು ನಾಲ್ಕು ಕಿಲೋಮೀಟರಿನವರೆಗೂ ಹರಿದುಹೋದ ಕೆಸರಿನ ಉದ್ದನೆಯ ಪಟ್ಟೆ. ಉಬ್ಬರವಿಳಿತದ ಪ್ರವಾಹ ಹಡಗಿನ ಅಸ್ಥಿಪಂಜರಕ್ಕೆ ಬಡಿದು ಸುತ್ತಲೂ ಗುಂಡಿ ಕೊರೆಯುತ್ತದೆ. ನೀರು ನಿಂತಾಗ ಆ ಗುಂಡಿಗಳಲ್ಲಿ ನುಣ್ಣನೆಯ ಮಣ್ಣು ಕೂರುತ್ತದೆ. ಪ್ರವಾಹ ಮತ್ತೆ ಬಿರುಸಾದಾಗ ಆ ಮಣ್ಣೆಲ್ಲ ಎದ್ದು ಮೇಲೆ ಬರುತ್ತದೆ. ಎರಡು ಹಡಗುಗಳ ಪಟ್ಟೆಗಳು ಚೆನ್ನಾಗಿ ಮೂಡಿದ್ದವು, ಏಕೆಂದರೆ ಅವುಗಳ ಹೆಚ್ಚಿನ ಭಾಗ ಮರಳಿನಿಂದ ಹೊರಗೆ ಎದ್ದುನಿಂತಿದೆ. ನಾಲ್ಕರಲ್ಲಿ ಒಂದಾದ ‘ನ್ಯೂಟ್ರಾನ್’ 1965ರಲ್ಲಿ ಮುಳುಗಿದ್ದು, ಅದಕ್ಕೂ ಮೊದಲೇ ಅಲ್ಲಿ ಮುಳುಗಿದ್ದ ‘ಸ್ಯಾನ್ಸಿಪ್’ ಹಡಗಿಗೆ ತಗುಲಿ ಎಂದು ನಂಬಲಾಗಿದೆ. ಮುಳುಗಿದ ಹಡಗುಗಳ ನಕ್ಷೆ ಇತಿಹಾಸಕಾರರಿಗಷ್ಟೇ ಬೇಕಾದದ್ದು ಎಂದುಕೊಂಡವರು ಇದನ್ನು ಗಮನಿಸಬೇಕು.

ಈ ಇಡೀ ವಿದ್ಯೆಯ ಮೂಲ ಉಪಾಯ ಇಲ್ಲೇ ಸಿಗುತ್ತದೆ. ಹಡಗನ್ನು ನೋಡಲಾಗದಿದ್ದರೆ ಹಡಗು ತನ್ನ ಸುತ್ತಲಿನ ಜಗತ್ತಿನಲ್ಲಿ ಮಾಡಿದ ಬದಲಾವಣೆಯನ್ನು ನೋಡುವುದು. ಕೆಸರು, ನೆರಳು, ಕಾಂತಕ್ಷೇತ್ರದಲ್ಲಿ ಒಂದು ಏರುಪೇರು, ಬದುಕುಳಿದವರ ನೆನಪು: ಮುಟ್ಟದೆ ದೂರದಿಂದಲೇ ಅರಿಯುವ ದೂರಸಂವೇದನೆಗೆ ಇವೆಲ್ಲವೂ ಸಾಮಗ್ರಿ.

ನೀರಿನೊಳಗೆ ದೂರ ಸಾಗಬಲ್ಲದ್ದು ಶಬ್ದ ಒಂದೇ. ಸಮುದ್ರದಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್, ಗಾಳಿಯಲ್ಲಿರುವುದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು. ಶಬ್ದ ಬಿಟ್ಟು ಅದರ ಮಾರ್ದನಿಯನ್ನು ಆಲಿಸುವ ಯಂತ್ರವೇ ಸೋನಾರ್. ಮೀನುಗಾರಿಕಾ ಬೋಟುಗಳಲ್ಲಿರುವ ಫಿಶ್ ಫೈಂಡರ್ ಕೂಡ ಇದೇ ತತ್ತ್ವದ ಯಂತ್ರ. ಆದರೆ ಅದು ನೇರ ಕೆಳಗೆ ಮಾತ್ರ ನೋಡುತ್ತದೆ. ಹಡಗು ಹುಡುಕುವವರ ಮುಖ್ಯ ಆಯುಧವಾದ ಸೈಡ್ ಸ್ಕ್ಯಾನ್ ಸೋನಾರ್ ಎಡಕ್ಕೂ ಬಲಕ್ಕೂ ಓರೆಯಾಗಿ ಶಬ್ದ ಬಿಡುತ್ತದೆ. ಟಾರ್ಪಿಡೋ ಆಕಾರದ ಕೊಳವೆಯೊಳಗೆ ಅದನ್ನು ಕೂರಿಸಿ, ಹಡಗಿನ ಹಿಂದೆ ಕೇಬಲ್ ಕಟ್ಟಿ, ತಳಕ್ಕೆ ಹತ್ತಿರವಾಗಿ ಎಳೆದುಕೊಂಡು ಹೋಗುತ್ತಾರೆ. ರಾತ್ರಿ ಅಂಗಳದಲ್ಲಿ ಟಾರ್ಚನ್ನು ನೆಲದ ಮಟ್ಟಕ್ಕೆ ಹಿಡಿದರೆ ಸಣ್ಣ ಕಲ್ಲಿಗೂ ಮಾರುದ್ದದ ನೆರಳು ಬೀಳುವುದಲ್ಲ, ಇಲ್ಲಿಯೂ ಹಾಗೆಯೇ. ತಳದಿಂದ ಎದ್ದುನಿಂತ ವಸ್ತು ಶಬ್ದವನ್ನು ಬಲವಾಗಿ ಹಿಂದಿರುಗಿಸುತ್ತದೆ. ಅದರ ಹಿಂದೆ ಶಬ್ದ ತಲುಪದ ಜಾಗ ಚಿತ್ರದಲ್ಲಿ ಖಾಲಿ ನೆರಳಾಗಿ ಉಳಿಯುತ್ತದೆ.

ಪರಿಣತರು ವಸ್ತುವಿಗಿಂತ ಹೆಚ್ಚು ಈ ನೆರಳನ್ನೇ ಓದುತ್ತಾರೆ. ಲೆಕ್ಕ ಹೈಸ್ಕೂಲಿನದು, ಸಮರೂಪ ತ್ರಿಭುಜಗಳದ್ದು. ಸೋನಾರ್ ತಳದಿಂದ 30 ಮೀಟರ್ ಮೇಲಿದೆ, ನೆರಳಿನ ತುದಿ ಸೋನಾರಿನಿಂದ 150 ಮೀಟರ್ ದೂರದಲ್ಲಿದೆ, ನೆರಳಿನ ಉದ್ದ 25 ಮೀಟರ್ ಎಂದಿಟ್ಟುಕೊಳ್ಳಿ. 30ನ್ನು 25ರಿಂದ ಗುಣಿಸಿ 150ರಿಂದ ಭಾಗಿಸಿದರೆ ಆ ವಸ್ತುವಿನ ಎತ್ತರ 5 ಮೀಟರ್ ಎಂದು ತಿಳಿಯುತ್ತದೆ. ಬಂಡೆಯ ನೆರಳು ಸೊಟ್ಟಪಟ್ಟ. ನೇರ ಅಂಚು, ಲಂಬಕೋನ, ಕಂಬದಂತಹ ಸಪೂರ ಗೆರೆ ಕಂಡರೆ ಪರದೆಯ ಮುಂದೆ ಕುಳಿತವರು ಚಹಾದ ಲೋಟ ಕೆಳಗಿಡುತ್ತಾರೆ. ನಿಸರ್ಗ ಸರಳರೇಖೆ ಎಳೆಯುವುದು ಅಪರೂಪ.

ಆದರೆ ಈ ವಿದ್ಯೆಯಲ್ಲಿ ಒಂದು ಜಿಪುಣತನವಿದೆ, ಅದರಿಂದ ಯಾರಿಗೂ ಬಿಡುಗಡೆಯಿಲ್ಲ. ಶಬ್ದದ ಕಂಪನಾಂಕ ಹೆಚ್ಚಿಸಿದರೆ ಚಿತ್ರ ಸ್ಪಷ್ಟ, ದೂರ ಕಡಿಮೆ. ತಗ್ಗಿಸಿದರೆ ದೂರ ಹೆಚ್ಚು, ಚಿತ್ರ ಮಸುಕು. 900 ಕಿಲೋಹರ್ಟ್ಸ್ ಸೋನಾರಿನಲ್ಲಿ ಹಗ್ಗದ ಸುರುಳಿಯೂ ಕಾಣಬಹುದು, ಆದರೆ ನೋಟ ಐವತ್ತು ಮೀಟರಿಗೆ ಮುಗಿಯುತ್ತದೆ. 30 ಕಿಲೋಹರ್ಟ್ಸಿನಲ್ಲಿ ಎರಡೂ ಬದಿಗೆ ಮೂರು ಮೂರು ಕಿಲೋಮೀಟರ್ ಗುಡಿಸಬಹುದು. ಅಲ್ಲಿ ಇನ್ನೊಂದು ಲೆಕ್ಕ ಅಡ್ಡಬರುತ್ತದೆ: ಮೂರು ಕಿಲೋಮೀಟರ್ ಹೋಗಿ ಬರಲು ಶಬ್ದಕ್ಕೆ ನಾಲ್ಕು ಸೆಕೆಂಡ್ ಬೇಕು. ಅದು ಮರಳುವವರೆಗೆ ಮುಂದಿನ ಸದ್ದು ಬಿಡುವಂತಿಲ್ಲ. ಹಡಗು ಸೆಕೆಂಡಿಗೆ ಒಂದು ಮೀಟರಿನಂತೆ ತೆವಳಿದರೂ ಎರಡು ಸದ್ದುಗಳ ನಡುವೆ ನಾಲ್ಕು ಮೀಟರ್ ಕಳೆದಿರುತ್ತದೆ. 171 ಮೀಟರಿನ ಯುದ್ಧನೌಕೆ ಉದ್ದಕ್ಕೆ ಮಲಗಿದ್ದರೆ ಅದರ ಮೇಲೆ ನಲವತ್ತು ಗೆರೆ ಬೀಳುತ್ತವೆ, ಗುರುತು ಸಿಗುತ್ತದೆ. ಇಪ್ಪತ್ತೈದು ಮೀಟರಿನ ಹಳೆಯ ಮರದ ಹಡಗಿಗೆ ಬೀಳುವುದು ಆರು ಗೆರೆ. ಅದು ಹಡಗೋ, ದಿಬ್ಬವೋ, ಯಂತ್ರದ ಗೊಂದಲವೋ ಎಂದು ದೇವರೇ ಹೇಳಬೇಕು.

ಎರಡೂವರೆ ಕಿಲೋಮೀಟರ್ ಆಳಕ್ಕೆ ಸೋನಾರ್ ಇಳಿಸಲು ಅದರ ಎರಡು ಮೂರು ಪಟ್ಟು ಉದ್ದದ ಕೇಬಲ್ ಬಿಡಬೇಕಾಗುತ್ತದೆ. ಒಂದು ಸಾಲು ಮುಗಿಸಿ ಪಕ್ಕದ ಸಾಲಿಗೆ ತಿರುಗಲು ಗಂಟೆಗಟ್ಟಲೆ ಬೇಕು. ಕೇಬಲ್ಲಿನ ಹಂಗಿಲ್ಲದೆ ತಾನೇ ಈಜಾಡಿ ಬರುವ ಸ್ವಯಂಚಾಲಿತ ಜಲಾಂತರ್ವಾಹನಗಳು ಈ ಕಷ್ಟವನ್ನು ಬಹುಮಟ್ಟಿಗೆ ತಗ್ಗಿಸಿವೆ.

ಇನ್ನು ಮ್ಯಾಗ್ನೆಟೋಮೀಟರ್. ಭೂಮಿಯ ಕಾಂತಕ್ಷೇತ್ರದಲ್ಲಿ ಕಬ್ಬಿಣ ಉಂಟುಮಾಡುವ ಏರುಪೇರನ್ನು ಇದು ಹಿಡಿಯುತ್ತದೆ. ಮರಳಿನಡಿ ಹೂತುಹೋದ ಕಬ್ಬಿಣವೂ ಇದಕ್ಕೆ ಗೊತ್ತಾಗುತ್ತದೆ. ಆದರೆ ಇದರ ಶಕ್ತಿ ದೂರದ ಘನಕ್ಕೆ ತಕ್ಕಂತೆ ಕುಸಿಯುತ್ತದೆ. ಸ್ಥೂಲ ಲೆಕ್ಕದಲ್ಲಿ ಒಂದು ಟನ್ ಕಬ್ಬಿಣ ಹತ್ತು ಮೀಟರ್ ದೂರದಿಂದ ತೋರಿಸುವುದು 10 ನ್ಯಾನೋಟೆಸ್ಲಾ ವ್ಯತ್ಯಾಸ. ಭೂಮಿಯ ಕ್ಷೇತ್ರವೇ ಹತ್ತಾರು ಸಾವಿರ ನ್ಯಾನೋಟೆಸ್ಲಾ ಇರುವಾಗ ಇದು ಪಿಸುಮಾತು. ಇಪ್ಪತ್ತು ಮೀಟರಿಗೆ ಹೋದರೆ ಎಂಟನೇ ಒಂದು ಭಾಗ ಉಳಿಯುತ್ತದೆ. ಕಂಚಿನ ಫಿರಂಗಿ ಇದರ ಕಣ್ಣಿಗೆ ಬೀಳುವುದೇ ಇಲ್ಲ.

ಇಷ್ಟೆಲ್ಲ ಯಂತ್ರಗಳಿದ್ದರೂ ಎಲ್ಲಿ ಹುಡುಕಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಯಂತ್ರ ಬಾಡಿಗೆಗೆ ಸಿಗುತ್ತದೆ; ಹುಡುಕುವ ಚೌಕವನ್ನು ಮಾತ್ರ ನಾವೇ ಎಳೆಯಬೇಕು. ಹುಡುಕಾಟಗಳು ಗೆಲ್ಲುವುದೂ ಸೋಲುವುದೂ ಬಹುತೇಕ ಈ ಹಂತದಲ್ಲಿ ಎಂದು ನನಗೆ ಅನ್ನಿಸುತ್ತದೆ. ಇದಕ್ಕೆ ‘ಸಿಡ್ನಿ’ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

1941ರ ನವೆಂಬರ್ 19ರ ಸಂಜೆ ಆಸ್ಟ್ರೇಲಿಯಾದ ಪಶ್ಚಿಮ ಕರಾವಳಿಯಿಂದ ಸುಮಾರು 200 ಕಿಲೋಮೀಟರ್ ಆಚೆ ಆ ದೇಶದ ಯುದ್ಧನೌಕೆ ‘ಸಿಡ್ನಿ’ಗೆ ಒಂದು ಸರಕುಹಡಗು ಎದುರಾಯಿತು. ಅದು ಡಚ್ ಹಡಗಿನ ವೇಷ ಹಾಕಿದ್ದ ಜರ್ಮನ್ ದಾಳಿನೌಕೆ ‘ಕೊರ್ಮೊರಾನ್’. ಸಂಶಯ ಬಗೆಹರಿಸಿಕೊಳ್ಳಲು ಸಿಡ್ನಿ ತೀರ ಹತ್ತಿರ ಬಂದಿತು. ಜರ್ಮನ್ನರು ವೇಷ ಕಳಚಿ ಗುಂಡಿನ ಮಳೆಗರೆದರು. ಕಾದಾಟದ ಕೊನೆಗೆ ಎರಡೂ ಹಡಗುಗಳು ಹೊತ್ತಿ ಉರಿಯುತ್ತಿದ್ದವು. ಸಿಡ್ನಿಯಲ್ಲಿದ್ದ 645 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಕೊರ್ಮೊರಾನಿನ ಮುನ್ನೂರಕ್ಕೂ ಹೆಚ್ಚು ಮಂದಿ ದೋಣಿಗಳಲ್ಲಿ ಬದುಕಿ ಉಳಿದು ಸೆರೆಸಿಕ್ಕರು.

ಹೀಗಾಗಿ ಸಿಡ್ನಿ ಮುಳುಗಿದ ಜಾಗಕ್ಕೆ ಇದ್ದ ಸಾಕ್ಷಿಗಳೆಲ್ಲ ಶತ್ರುಗಳು. ಕೊರ್ಮೊರಾನಿನ ಕ್ಯಾಪ್ಟನ್ ಥಿಯೊಡೋರ್ ಡೆಟ್ಮರ್ಸ್ ಕೊಟ್ಟ ಸ್ಥಾನ 26 ಡಿಗ್ರಿ ದಕ್ಷಿಣ, 111 ಡಿಗ್ರಿ ಪೂರ್ವ. ಅಕ್ಷಾಂಶದ ಒಂದು ಡಿಗ್ರಿ ಎಂದರೆ 111 ಕಿಲೋಮೀಟರ್. ನಿಮಿಷಗಳ ಲೆಕ್ಕವೇ ಇಲ್ಲದ ಇಂತಹ ದುಂಡು ಸಂಖ್ಯೆಯನ್ನು ನಂಬುವವರು ಯಾರು? ಉಳಿದ ಸೆರೆಯಾಳುಗಳು ಹೇಳಿದ ಜಾಗಗಳಂತೂ ನಕ್ಷೆಯ ಮೇಲೆ ಚೆಲ್ಲಾಪಿಲ್ಲಿಯಾಗಿ ಬಿದ್ದವು. ಜರ್ಮನ್ನರು ಮಾತಾಡಿಕೊಂಡು ಸುಳ್ಳು ಹೇಳುತ್ತಿದ್ದಾರೆ, ಜಪಾನಿನ ಜಲಾಂತರ್ಗಾಮಿಯೂ ಸೇರಿತ್ತು ಎಂಬಂತಹ ಕಥೆಗಳು ಹುಟ್ಟಿ ದಶಕಗಳ ಕಾಲ ಬೆಳೆದವು.

ಕಿಮ್ ಕರ್ಸ್ನರ್ ಮತ್ತು ಜಾನ್ ಡನ್ ಎಂಬ ಇಬ್ಬರು ಮನಃಶಾಸ್ತ್ರಜ್ಞರು ಈ ಹೇಳಿಕೆಗಳನ್ನು ಬೇರೆಯೇ ರೀತಿಯಲ್ಲಿ ನೋಡಿದರು. ಒಂದು ಸಂಗತಿ ಬಾಯಿಂದ ಬಾಯಿಗೆ ಹೋಗುವಾಗ ಹೇಗೆ ಸವೆಯುತ್ತದೆ, ಎಲ್ಲಿ ತಿರುಚಿಕೊಳ್ಳುತ್ತದೆ ಎಂಬುದನ್ನು ಬ್ರಿಟಿಷ್ ಮನಃಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ 1930ರ ದಶಕದಲ್ಲೇ ತೋರಿಸಿದ್ದರು. ಎಲ್ಲರೂ ಮೊದಲೇ ಮಾತಾಡಿಕೊಂಡು ಸುಳ್ಳು ಹೇಳಿದ್ದರೆ ಎಲ್ಲರ ಮಾತೂ ಒಂದೇ ಆಗಿರಬೇಕಿತ್ತು. ಇಲ್ಲಿ ಕಂಡ ಚೆಲ್ಲಾಪಿಲ್ಲಿ, ಹಡಗಿನಲ್ಲಿ ಕೆಲವರಿಗಷ್ಟೇ ಗೊತ್ತಿದ್ದ ಒಂದು ಸ್ಥಾನ ಉಳಿದವರ ಕಿವಿಗೆ ಅರೆಬರೆಯಾಗಿ ಬಿದ್ದು, ಅರೆಬರೆಯಾಗಿ ನೆನಪಿನಲ್ಲಿ ಉಳಿದಾಗ ಆಗುವಂಥದ್ದು. ಆ ಸವಕಲನ್ನು ಲೆಕ್ಕಕ್ಕೆ ತೆಗೆದುಕೊಂಡು ಎಲ್ಲ ಹೇಳಿಕೆಗಳಿಗೂ ಮೂಲವಾಗಿರಬಹುದಾದ ಬಿಂದುವನ್ನು ಅವರು ಗಣಿಸಿದರು. ಅದು ಡೆಟ್ಮರ್ಸ್ ಹೇಳಿದ ಜಾಗಕ್ಕೆ ಹತ್ತಿರವೇ ಇತ್ತು. ಇತ್ತ ಹಡಗು ಹುಡುಕುವುದನ್ನೇ ಕಸುಬು ಮಾಡಿಕೊಂಡಿದ್ದ ಡೇವಿಡ್ ಮರ್ನ್ಸ್ ದಾಖಲೆಗಳ ಬೆನ್ನು ಹತ್ತಿದ್ದರು. ಡೆಟ್ಮರ್ಸ್ ಸೆರೆಯಲ್ಲಿದ್ದಾಗ ತಮ್ಮ ಬಳಿಯಿದ್ದ ನಿಘಂಟಿನಲ್ಲಿ ಅಕ್ಷರಗಳ ಕೆಳಗೆ ಸಣ್ಣ ಸಣ್ಣ ಚುಕ್ಕೆ ಇಡುತ್ತಾ ಕಾದಾಟದ ವರದಿಯನ್ನೇ ಗುಟ್ಟಾಗಿ ಬರೆದಿಟ್ಟಿದ್ದರು. ಯಾರಿಗೋ ತೋರಿಸಲೆಂದಲ್ಲದೆ ಬರೆದ ಆ ವಿವರ, ವಿಚಾರಣೆಯಲ್ಲಿ ಅವರು ಹೇಳಿದ್ದಕ್ಕೆ ತಾಳೆಯಾಗುತ್ತಿತ್ತು.

ಮರ್ನ್ಸ್ ಹಾಕಿದ ಉಪಾಯವೂ ಸರಳವಾಗಿತ್ತು: ಎಲ್ಲರಿಗೂ ಬೇಕಾದ ಸಿಡ್ನಿಯನ್ನು ಮೊದಲು ಹುಡುಕುವುದು ಬೇಡ. ಜರ್ಮನ್ನರಿಗೆ ತಮ್ಮ ಹಡಗಿನ ಜಾಗ ಗೊತ್ತಿತ್ತು. ಸಿಡ್ನಿ ಉರಿಯುತ್ತಾ ಯಾವ ದಿಕ್ಕಿಗೆ ಹೋಯಿತೆಂಬುದಷ್ಟೇ ಗೊತ್ತಿತ್ತು. ಕೊರ್ಮೊರಾನ್ ಸಿಕ್ಕರೆ ಅಲ್ಲಿಂದ ದಿಕ್ಕು ಹಿಡಿದು ಸಿಡ್ನಿಗೆ ಹೋಗಬಹುದು. 2008ರ ಮಾರ್ಚ್ 12ರಂದು ಸೋನಾರಿನಲ್ಲಿ ಕೊರ್ಮೊರಾನ್ 2,560 ಮೀಟರ್ ಆಳದಲ್ಲಿ ಕಂಡಿತು. ಡೆಟ್ಮರ್ಸ್ ಹೇಳಿದ್ದ ದುಂಡು ಸಂಖ್ಯೆಯಿಂದ ಹದಿನೈದು ಕಿಲೋಮೀಟರಿನೊಳಗೆ. ಮನಃಶಾಸ್ತ್ರಜ್ಞರ ಬಿಂದುವಿಗೆ ಇನ್ನೂ ಹತ್ತಿರ. ಕೆಲವೇ ದಿನಗಳಲ್ಲಿ, ಅಲ್ಲಿಂದ ಆಗ್ನೇಯಕ್ಕೆ ಸುಮಾರು 21 ಕಿಲೋಮೀಟರ್ ದೂರದಲ್ಲಿ, 2,468 ಮೀಟರ್ ಕೆಳಗೆ ಸಿಡ್ನಿಯೂ ಸಿಕ್ಕಿತು. ಕ್ಯಾಮೆರಾ ಇಳಿಸಿದಾಗ ಅದರ ಮೈಮೇಲಿನ ಗುಂಡಿನ ತೂತುಗಳು ಜರ್ಮನ್ ನಾವಿಕರು ವಿವರಿಸಿದ ಕಡೆಗಳಲ್ಲೇ ಇದ್ದವು. ಆರು ದಶಕ ಅನುಮಾನಿಸಿದ ಸಾಕ್ಷಿಗಳು ಒಟ್ಟಿನಲ್ಲಿ ನಿಜವನ್ನೇ ಹೇಳಿದ್ದರು.

ಹುಡುಕದಿದ್ದರೂ ಸಿಕ್ಕ ಹಡಗುಗಳ ಕಥೆ ಇನ್ನೊಂದು ಬಗೆಯದು. 2014ರಲ್ಲಿ ಕಾಣೆಯಾದ ಮಲೇಷ್ಯಾದ ಎಂಎಚ್370 ವಿಮಾನಕ್ಕಾಗಿ ಹಿಂದೂ ಮಹಾಸಾಗರದ ದಕ್ಷಿಣದಲ್ಲಿ 1,20,000 ಚದರ ಕಿಲೋಮೀಟರ್ ಸಮುದ್ರತಳವನ್ನು ಸೋನಾರಿನಿಂದ ಜಾಲಾಡಿದರು. ವಿಮಾನ ಸಿಗಲಿಲ್ಲ. 2015ರಲ್ಲಿ ಸಿಕ್ಕದ್ದು ಸುಮಾರು 3,700 ಮತ್ತು 3,900 ಮೀಟರ್ ಆಳದಲ್ಲಿದ್ದ ಎರಡು ಹಡಗುಗಳು, ಒಂದು ಕಬ್ಬಿಣದ್ದು, ಒಂದು ಮರದ್ದು. ಎರಡೂ 19ನೇ ಶತಮಾನದವು, ಕಲ್ಲಿದ್ದಲು ಹೇರಿಕೊಂಡವು. ಮರದ್ದರಲ್ಲಿ ಮರ ಹೆಚ್ಚೇನೂ ಉಳಿದಿರಲಿಲ್ಲ; ಕಲ್ಲಿದ್ದಲು, ಲಂಗರು, ಚೆದುರಿದ ತುಣುಕುಗಳೇ ಅದರ ಗುರುತು. ಕಬ್ಬಿಣದ್ದು 1883ರಲ್ಲಿ ಇಂಗ್ಲೆಂಡಿನಿಂದ ಭಾರತಕ್ಕೆ ಹೊರಟು ಕಾಣೆಯಾದ ‘ವೆಸ್ಟ್ ರಿಜ್’ ಆಗಿರಬಹುದು ಎಂಬುದು ಪಶ್ಚಿಮ ಆಸ್ಟ್ರೇಲಿಯಾದ ವಸ್ತುಸಂಗ್ರಹಾಲಯದ ತಜ್ಞರ ಅಂದಾಜು. ಹೆಸರು ಓದಿ ಖಚಿತಪಡಿಸುವಂಥದ್ದೇನೂ ಚಿತ್ರಗಳಲ್ಲಿಲ್ಲ, ಆದ್ದರಿಂದ ಇದು ಅಂದಾಜಾಗಿಯೇ ಉಳಿದಿದೆ.

ನಮ್ಮಲ್ಲಿಯೂ ಈ ಯಂತ್ರಗಳು ದುಡಿದಿವೆ, ದುಃಖದ ಕಾರಣಗಳಿಗೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮೀನುಗಾರರೊಂದಿಗೆ ಕಣ್ಮರೆಯಾದದ್ದು ಕರಾವಳಿಯವರು ಮರೆಯುವ ವಿಷಯವಲ್ಲ. 2019ರ ಮೇ ತಿಂಗಳ ಮೊದಲ ದಿನ ನೌಕಾಪಡೆಯ ‘ನಿರೀಕ್ಷಕ್’ ಹಡಗು ಸೋನಾರ್ ನೆರವಿನಿಂದ ಮಹಾರಾಷ್ಟ್ರದ ಮಾಲ್ವಣದಿಂದ 33 ಕಿಲೋಮೀಟರ್ ದೂರದಲ್ಲಿ, ಸುಮಾರು 60 ಮೀಟರ್, ಅಂದರೆ ಮೂವತ್ತಮೂರು ಮಾರು ಆಳದಲ್ಲಿ ಅದರ ಅವಶೇಷವನ್ನು ಪತ್ತೆಹಚ್ಚಿತು. ಮುಳುಗುಗಾರರು ಇಳಿದು ನೋಡಿದ ಮೇಲೆಯೇ ಅದು ಖಚಿತವಾಯಿತು. 2016ರ ಜುಲೈನಲ್ಲಿ 29 ಜನರೊಡನೆ ಬಂಗಾಳಕೊಲ್ಲಿಯಲ್ಲಿ ಮರೆಯಾದ ವಾಯುಪಡೆಯ ಎಎನ್-32 ವಿಮಾನದ ಸುಳಿವು ಸಿಗಲು ಏಳೂವರೆ ವರ್ಷ ಹಿಡಿಯಿತು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಸ್ವಯಂಚಾಲಿತ ಜಲಾಂತರ್ವಾಹನ ಚೆನ್ನೈ ಕರಾವಳಿಯಿಂದ 310 ಕಿಲೋಮೀಟರ್ ದೂರದಲ್ಲಿ, 3,400 ಮೀಟರ್ ಆಳದಲ್ಲಿ ಅವಶೇಷಗಳ ಚಿತ್ರ ತೆಗೆಯಿತು. ಅದರಲ್ಲಿ ಬಳಸಿದ್ದು ಸಿಂಥೆಟಿಕ್ ಅಪರ್ಚರ್ ಸೋನಾರ್. ವಾಹನ ಚಲಿಸುತ್ತಿರುವಾಗ ಬಿಟ್ಟ ಹಲವು ಸದ್ದುಗಳ ಮಾರ್ದನಿಗಳನ್ನು ಗಣಿತದಿಂದ ಒಂದಕ್ಕೊಂದು ಹೊಲಿದು, ಇಲ್ಲದ ಉದ್ದನೆಯ ಆ್ಯಂಟೆನಾವೊಂದನ್ನು ಇದೆಯೆಂಬಂತೆ ಮಾಡುವ ತಂತ್ರ ಅದು. ದೂರ ಹೆಚ್ಚಾದರೆ ಚಿತ್ರ ಮಸುಕಾಗುವ ಕಾಟ ಇದರಲ್ಲಿ ಬಹಳ ಕಡಿಮೆ.

ಹಳೆಯ ಹಡಗುಗಳ ವಿಷಯಕ್ಕೆ ಬಂದರೆ ನಮ್ಮ ಪಶ್ಚಿಮ ಕರಾವಳಿ ಕಷ್ಟದ ಜಾಗ. ಕಪ್ಪು ಸಮುದ್ರದ ತಳದಲ್ಲಿ ಆಮ್ಲಜನಕವಿಲ್ಲದ ಕಾರಣ ಎರಡು ಕಿಲೋಮೀಟರ್ ಆಳದಲ್ಲಿ 2,400 ವರ್ಷ ಹಳೆಯ ಗ್ರೀಕ್ ಹಡಗು ಕೂವೆಮರದ ಸಮೇತ ನಿಂತಿರುವುದು ಸೋನಾರಿಗೆ ಸಿಕ್ಕಿದೆ. ಅರಬ್ಬಿ ಸಮುದ್ರದ ಬೆಚ್ಚನೆಯ ನೀರಿನಲ್ಲಿ ಮರ ಕೊರೆಯುವ ಹುಳುಗಳು ಅಷ್ಟು ಪುರುಸೊತ್ತು ಕೊಡುವುದಿಲ್ಲ. ಮಣ್ಣಿನಡಿ ಹೂತ ಭಾಗ ಮಾತ್ರ ಉಳಿದೀತು. ಅದನ್ನು ಹಿಡಿಯಲು ತಗ್ಗಿನ ಕಂಪನಾಂಕದ ಶಬ್ದವನ್ನು ಕೆಸರಿನೊಳಗೇ ಇಳಿಸುವ ಸಬ್-ಬಾಟಮ್ ಪ್ರೊಫೈಲರ್ ಬೇಕು, ಮತ್ತು ಅದು ಹಡಗಿನ ನೇರ ಮೇಲೆಯೇ ಹಾದುಹೋಗಬೇಕು. ಗೋವಾದ ಸುಂಚಿ ದಿಬ್ಬದ ಬಳಿ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಅಧ್ಯಯನ ಮಾಡಿದ ಪೋರ್ಚುಗೀಸರ ಕಾಲದ ಹಡಗಿನಲ್ಲಿ ಆನೆಯ ದಂತ, ನೀರುಕುದುರೆಯ ಹಲ್ಲು ಸಿಕ್ಕವು, ಒಡಲು ಸಿಗಲಿಲ್ಲ. ಅಲ್ಲಿಯೇ ಸೇಂಟ್ ಜಾರ್ಜ್ ದಿಬ್ಬದ ಬಳಿಯ ಇನ್ನೊಂದು ಅವಶೇಷದಲ್ಲಿ ಹೆಂಚು, ಇಟ್ಟಿಗೆ, ಕಂಬದ ಬೋದಿಗೆಗಳ ರಾಶಿ. ಅವುಗಳ ಮೇಲೆ ‘ಬಾಸೆಲ್ ಮಿಷನ್ ಟೈಲ್ ವರ್ಕ್ಸ್ 1865’ ಎಂಬ ಮುದ್ರೆ. 1865 ಮಂಗಳೂರಿನಲ್ಲಿ ಆ ಕಾರ್ಖಾನೆ ಆರಂಭವಾದ ವರ್ಷ. ಹಡಗಿನ ಹೆಸರು ಯಾವ ಯಂತ್ರಕ್ಕೂ ಗೊತ್ತಾಗಲಿಲ್ಲ, ಸರಕಿನ ಊರನ್ನು ಹೆಂಚೇ ಹೇಳಿತು.

ಮಂಗಳೂರು, ಕುಂದಾಪುರ, ಕುಮಟೆಗಳಿಂದ ಮಂಜಿ, ಪತ್ತೇಮಾರಿ, ಮಚವೆ ಎಂಬ ಹಾಯಿಹಡಗುಗಳಲ್ಲಿ ಹೋದ ಸರಕಿನಲ್ಲಿ ದಡ ಸೇರದೆ ತಳ ಸೇರಿದ್ದು ಸಾಕಷ್ಟಿರಬೇಕು. ಹುಡುಕಬೇಕೆನ್ನುವವರಿಗೆ ಮ್ಯಾಗ್ನೆಟೋಮೀಟರಿನಿಂದ ಹೆಚ್ಚು ಉಪಯೋಗವಾಗದು, ಅವುಗಳಲ್ಲಿದ್ದ ಕಬ್ಬಿಣ ಅಲ್ಪ. ಸೋನಾರಿನಲ್ಲಿ ಹೆಂಚಿನ ರಾಶಿಯೂ ಕಲ್ಲಿನ ದಿಬ್ಬವೂ ಹೆಚ್ಚುಕಡಿಮೆ ಒಂದೇ ಥರ. ಹಾಗಾಗಿ ಚೌಕ ಎಳೆಯುವ ಕೆಲಸವನ್ನೇ ಮೊದಲು ಮಾಡಬೇಕು, ಅದಕ್ಕೆ ಸರ್ಕಾರಿ ಕಡತಗಳ ಜೊತೆ ಇನ್ನೊಂದು ದಾಖಲೆಯೂ ಇದೆ. ತಳದಲ್ಲಿ ಏನೋ ತಗುಲಿ ಬಲೆ ಹರಿದ ಜಾಗಗಳನ್ನು ಬೋಟು ನಡೆಸುವ ನಮ್ಮ ತಾಂಡೇಲರು ಮತ್ತೆ ಅತ್ತ ಹೋಗದಿರಲೆಂದು ಜಿಪಿಎಸ್‌ನಲ್ಲಿ ಗುರುತು ಹಾಕಿಟ್ಟುಕೊಳ್ಳುತ್ತಾರೆ. ಲಕ್ಷಗಟ್ಟಲೆ ರೂಪಾಯಿಯ ಸೋನಾರನ್ನು ನೀರಿಗಿಳಿಸುವ ಮೊದಲು ಒಂದು ವಾರ ಮಲ್ಪೆ, ತದಡಿ ಬಂದರುಗಳಲ್ಲಿ ಕುಳಿತು ಆ ಗುರುತುಗಳನ್ನು ಒಂದೇ ನಕ್ಷೆಗೆ ಇಳಿಸಿಕೊಳ್ಳಬಹುದು.